ನಿಂತ ಕಾರಿನಲ್ಲಿ ನನ್ನ ಆಫೀಸು

ನಿನ್ನೆ ಮೆಟ್ರೋದಲ್ಲಿ ಪಕ್ಕದ ಹುಡುಗಿ ಫೋನಿನಲ್ಲಿ, “ನಾಳೆ ವರ್ಕ್ ಫ್ರಮ್ ಹೋಮ್ ಕಣೇ, ಆರಾಮ್!” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ಗುರಾಯಿಸಿದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಕೊರೊನಾ ಬಂದಾಗ ನಾನು ವಿಮಾ ಕಂಪನಿಯೊಂದರಲ್ಲಿ ಗ್ರಾಹಕರ ಫೋನಿಗೆ ಉತ್ತರಿಸುತ್ತಿದ್ದೆ. ಆಫೀಸು ಮುಚ್ಚಿ, ಲ್ಯಾಪ್‌ಟಾಪು ಬಸವೇಶ್ವರನಗರದ ನಮ್ಮ ಮನೆಗೆ ಬಂತು. ಬಾಗಿಲಿರುವ ರೂಮು ಯಜಮಾನರ ಪಾಲಾಯಿತು. ಅವರದು ‘ಮೀಟಿಂಗು’, ನನ್ನದು ಬರೀ ‘ಫೋನು’ ತಾನೇ! ನಾನು ಅಡುಗೆಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ ಕಚೇರಿ ತೆರೆದೆ. ಸೊಸೆ ಹೇಗೂ ಮನೆಯಲ್ಲೇ ಇದ್ದಾಳೆಂದು ಮಾವನವರಿಗೆ ಕಾಫಿಯ ಆಸೆ ಹೆಚ್ಚಿತು. ಒಂದು ದಿನ ಕುಕ್ಕರ್ ಕೂಗಿದ್ದು ಕೇಳಿ ಗ್ರಾಹಕರೊಬ್ಬರು, “ಮೇಡಂ, ಇವತ್ತೇನ್ ಸಾರು?” ಎಂದರು. ನಾನು ಪಾಪ, “ಹುರುಳಿಕಾಳು ಸಾರ್” ಎಂದುಬಿಟ್ಟೆ.

ಆ ಕರೆ ರೆಕಾರ್ಡಾಗಿತ್ತು. ಮ್ಯಾನೇಜರ್ ಫೋನ್ ಮಾಡಿ, “ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಬಿಡ್ಬೇಕಾಗುತ್ತೆ” ಎಂದರು. ಅಂದು ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ಕೆಲಸ ಹೋದರೆ ಮತ್ತೆ ಸಿಗುವ ಕಾಲವೇ ಅದು?

ಮರುದಿನ ಬೆಳಿಗ್ಗೆ ಸೀರೆಯುಟ್ಟು, ಬ್ಯಾಗು ಹೆಗಲಿಗೇರಿಸಿ, “ಅತ್ತೆ, ಆಫೀಸಿಗೆ ಹೋಗ್ಬರ್ತೀನಿ” ಎಂದೆ. ಲಾಕ್‌ಡೌನಿನಲ್ಲಿ ಸೊಸೆಯ ತಲೆ ಕೆಟ್ಟಿತೆಂದು ಅವರು ಬಾಯಿ ಬಿಟ್ಟು ನಿಂತರು. ನಾನು ಮೆಟ್ಟಿಲಿಳಿದು, ಪಾರ್ಕಿಂಗಿನಲ್ಲಿ ಸುಮ್ಮನೆ ನಿಂತಿದ್ದ ನಮ್ಮ ಕಾರಿನೊಳಗೆ ಕೂತೆ. ವೈಫೈ ಅಲ್ಲಿಗೂ ಸಿಗುತ್ತಿತ್ತು. ಕಿಟಕಿ ಅರ್ಧ ಇಳಿಸಿದರೆ ಗಾಳಿಯೂ ಬರುತ್ತಿತ್ತು.

ಮೊದಲ ದಿನ ಮಾವ ಬಾಲ್ಕನಿಯಿಂದ, “ಕಾಫಿ ಇಲ್ವೇನಮ್ಮಾ?” ಎಂದು ಕೂಗಿದರು. ಯಜಮಾನರು ಫೋನ್ ಮಾಡಿ, “ಸಕ್ಕರೆ ಎಲ್ಲಿಟ್ಟಿದೀಯ?” ಎಂದರು. “ಆಫೀಸಲ್ಲಿದೀನಿ ರೀ, ಸಂಜೆ ಬಂದು ಹೇಳ್ತೀನಿ” ಎಂದೆ. ಸಕ್ಕರೆ ಅವರ ಕಣ್ಣೆದುರಿಗೇ ಇತ್ತು ಬಿಡಿ.

ಒಂದು ವಾರವಾಗಿರಬೇಕು. ಕಾರಿನ ಹಿಂದಿನ ಬಾಗಿಲು ತೆರೆಯಿತು. ಅತ್ತೆ! ಬೈಗುಳಕ್ಕೆ ಸಿದ್ಧಳಾದೆ. ಅವರು ಬಾಗಿಲೆಳೆದುಕೊಂಡು, ಸೀಟಿನ ಮೇಲೆ ಕಾಲು ಚಾಚಿದರು.

“ಮದ್ವೆ ಆದಾಗಿಂದ ನಂದೂ ವರ್ಕ್ ಫ್ರಮ್ ಹೋಮೇ ಕಣೇ. ಒಂದಿನ ರಜ ಇಲ್ಲ. ಸ್ವಲ್ಪ ಮಲಗ್ತೀನಿ, ನೀನು ಮೆಲ್ಲಗೆ ಮಾತಾಡ್ಕೋ.”

“ಮೇಲೆ ಊಟ?”

“ಅಪ್ಪ ಮಗ ಇದಾರಲ್ಲ, ಬೇಯಿಸ್ಕೋತಾರೆ.”

ಬೇಯಿಸಿಕೊಂಡರು. ಅನ್ನ ಮೊದಲ ದಿನ ಗಂಜಿಯಾಯಿತು, ತಿಂಗಳು ಕಳೆಯುವಷ್ಟರಲ್ಲಿ ಅನ್ನವಾಯಿತು. ನನ್ನ ಕೆಲಸ ಉಳಿಯಿತು.

ಈಗ ಕಂಪನಿ ಎಲ್ಲರನ್ನೂ ವಾಪಸು ಕರೆಸಿಕೊಂಡಿದೆ. ಇವತ್ತು ಊಟದ ಹೊತ್ತಿಗೆ ಮನೆಗೆ ಫೋನ್ ಮಾಡಿದೆ. ಮಾವ ಎತ್ತಿದರು. ಹಿಂದೆ ಒಗ್ಗರಣೆಯ ಸದ್ದು.

“ಅತ್ತೆ ಎಲ್ಲಿ ಮಾವ?”

“ಅವಳಾ? ಆಫೀಸಿಗೆ ಹೋಗಿದಾಳಮ್ಮ,” ಎಂದು ನಿಟ್ಟುಸಿರಿಟ್ಟರು. “ಕಾರಿನ ಕೀ ಕೂಡ ಅವಳೇ ಇಟ್ಕೊಂಡಿದಾಳೆ.”