ತೋಡಿನೊಳಗಿನ ಒರಳು

ಹಳ್ಳಕ್ಕೆ ನಾರಾವಿಯ ಕಡೆ ತೋಡು ಎನ್ನುತ್ತಾರೆ. ಗುಡ್ಡದಿಂದಿಳಿದು ಗದ್ದೆಗಳ ನಡುವೆ ತಿರುಗಿ ಹರಿಯುವ ಅಂಥದೊಂದು ತೋಡನ್ನು, ಚಪ್ಪಲಿ ಕೈಯಲ್ಲಿ ಹಿಡಿದು ದೊಡ್ಡ ಜಾಣನಂತೆ ದಾಟುವಾಗ, ನೀರಿನಡಿಯ ಬಂಡೆಯ ಗುಂಡಿಗೆ ಕಾಲು ಸಿಕ್ಕಿ ಉಳುಕಿತು. ದಡದ ಮನೆಯ ಲೀಲಕ್ಕ ನನ್ನನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ-ನೀರು ಕೊಟ್ಟು, ಪಾದಕ್ಕೆ ಬಿಸಿ ಎಣ್ಣೆ ತಿಕ್ಕಿದರು. ಗುಂಡಿ ಒರಳಿನ ಹಾಗೆ ನುಣ್ಣಗಿತ್ತು ಎಂದೆ. ಅವರ ಕೈ ಒಂದು ಕ್ಷಣ ನಿಂತಿತು.

ಅಷ್ಟರಲ್ಲಿ ಗದ್ದೆಯ ಗಡಿ ಗುರುತಿಸಲು ಸರ್ವೆಯರ್ ಬಂದರು, ಜೊತೆಗೆ ಆಚೆ ದಡದ ಸಂಜೀವಣ್ಣ. ಇಲ್ಲಿ ಮೊದಲು ಬಂದು ನೆಲೆಸಿದವರು ಭತ್ತ ಕುಟ್ಟಲು ಬಂಡೆಯಲ್ಲೇ ಒರಳು ಕೊರೆದಿದ್ದರಂತೆ. ಹಳೆಯ ಪತ್ರದಲ್ಲಿ ಎರಡು ಮನೆಗಳ ಗಡಿ ಆ ಒರಳೇ. ಆಮೇಲೆ ತೋಡು ಹರಿವು ಬದಲಿಸಿತು, ಒರಳು ಕಾಣದಾಯಿತು. ಅದು ನೀರಿನೊಳಗೆ ಸಿಕ್ಕಿದರೆ ಗಡಿ ತೋಡಿನಲ್ಲೇ; ಆಗ ಲೀಲಕ್ಕ ಬೇಸಾಯ ಮಾಡುತ್ತಿರುವ ಆಚೆ ದಡದ ಗದ್ದೆ ಸಂಜೀವಣ್ಣನದು.

“ಒರಳು ಇಲ್ಲೇ ಉಂಟು. ಲೀಲಕ್ಕನಿಗೆ ಗೊತ್ತುಂಟು,” ಎಂದು ಸಂಜೀವಣ್ಣ ಸ್ವರ ಏರಿಸಿದರು.

ಸರ್ವೆಯರ್ ನನ್ನ ಊದಿದ ಪಾದವನ್ನೇ ನೋಡಿದರು. “ನಿಮ್ಮ ಕಾಲಿಗೆ ಎಂಥ ಆದದ್ದು?”

ಬೆಲ್ಲದ ಸಿಹಿ ಇನ್ನೂ ನಾಲಿಗೆಯ ಮೇಲಿತ್ತು. “ಪಾಚಿಯಲ್ಲಿ ಜಾರಿದೆ,” ಎಂದೆ.

ಲೀಲಕ್ಕ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. “ನಮ್ಮ ಮನೆಯ ಬೆಲ್ಲ ತಿಂದು ನೀವು ಸುಳ್ಳು ಹೇಳುವುದು ಬೇಡ ಮಾರಾಯ್ರೆ.”

ಸೀರೆ ಎತ್ತಿ ಕಟ್ಟಿ ತೋಡಿಗೆ ಇಳಿದರು. ಎಲ್ಲೂ ತಡಕಾಡದೆ ನೇರ ನಡೆದು, ನನ್ನ ಕಾಲು ಉಳುಕಿದಲ್ಲೇ ನಿಂತರು. ಆ ಜಾಗ ಯಾವುದೆಂದು ಅವರು ಕೇಳಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ.