ಕೆಂಪಗೆ ಕಾಣಬಾರದ ತಂತಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಂಡ್ಯದಲ್ಲಿ ಹುಡುಗರಿಗೆ ವೈರಿಂಗ್ ಕಲಿಸುತ್ತಿದ್ದೆ. ಕೊಪ್ಪದ ನನ್ನ ಗೆಳೆಯ ಮಳವಳ್ಳಿಯ ನಾಲೆ ಕಚೇರಿಗೆ ಹೊಸದಾಗಿ ಸೇರಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಭಾನುವಾರ ಟವೆಲಿನಲ್ಲಿ ಸುತ್ತಿಕೊಂಡು ಕಚೇರಿಯ ಕ್ಯಾಲ್ಕುಲೇಟರ್ ತಂದ. ಅದು ಅವನ ವಶದಲ್ಲಿದ್ದಾಗಲೇ ಕೆಟ್ಟಿತ್ತು.

"ನಾಳೆ ಸಾಹೇಬ್ರು ಬತ್ತಾರೆ ಕಣ್ಲಾ. ಇದು ಉರೀದಿದ್ರೆ ನಾನು ಊರಿಗೋಗಿ ಎಮ್ಮೆ ಕಾಯ್ಬೇಕು."

"ಎಮ್ಮೆ ಒಪ್ಪಬೇಕಲ್ಲ" ಎಂದೆ.

ಬಿಚ್ಚಿ ನೋಡಿದೆ. ಹಸಿರು ಅಂಕಿ ಮೂಡುವ ಗಾಜಿನ ಕೊಳವೆ ಸರಿಯಾಗಿತ್ತು. ಅಂಕಿಗಳ ಮುಂದೆ ಕೂದಲಿಗಿಂತ ಸಣ್ಣ ಎರಡು ತಂತಿ, ಅದೇ ಫಿಲಮೆಂಟು. ಅದು ಕಣ್ಣಿಗೆ ಕಾಣದ ಹಾಗೆ ಬಿಸಿಯಾಗಬೇಕು. ಕೆಂಪಗೆ ಕಂಡರೆ ಕರೆಂಟು ಹೆಚ್ಚಾಯಿತೆಂದು ತಿಳಿಯಬೇಕು. ಹರಿದರೆ ಇಡೀ ಕೊಳವೆ ಹೋಯಿತು. ಬದಲಿ ಕೊಳವೆ ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ.

ಸುಟ್ಟಿದ್ದು ಫಿಲಮೆಂಟಿಗೆ ಕರೆಂಟು ಕೊಡುವ ಸುರುಳಿ. ಅದರ ಬದಲು ನನ್ನಲ್ಲಿದ್ದ ಪುಟ್ಟ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಕರೆಂಟು ಮಿತಿಯಲ್ಲಿರಲಿ ಎಂದು ನಡುವೆ ಒಂದು ರೆಸಿಸ್ಟರ್ ಹಾಕಿದೆ. ಮೀಟರ್ ನೋಡಿದ ಮೇಲೆಯೇ ಸ್ವಿಚ್ಚು, ಇದು ನನ್ನ ಕ್ರಮ. ಅಂಕಿ ಮೂಡಿತು, ಆದರೆ ಮಂಕಾಗಿ. ಮಧ್ಯಾಹ್ನ ಕೆರಗೋಡು, ಯಲಿಯೂರಿನ ಕಡೆಯ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿದ್ದವು, ವೋಲ್ಟೇಜು ಇಳಿದಿತ್ತು. ಮನೆಯ ಫ್ಯಾನೇ ತೂಕಡಿಸುತ್ತಿತ್ತು.

ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಗೆಳೆಯ ರೆಸಿಸ್ಟರಿಗೆ ಅಡ್ಡಲಾಗಿ ತಂತಿ ಚೂರೊಂದನ್ನು ಸಿಕ್ಕಿಸಿ, ಕರೆಂಟು ತಡೆಯಿಲ್ಲದೆ ನೇರ ಹರಿಯುವಂತೆ ಮಾಡಿದ್ದ. ಅಂಕಿಗಳು ಹೊಳೆಯುತ್ತಿದ್ದವು.

"ನೋಡ್ಲಾ, ಈಗ ಕಳೆ ಬಂತು!"

"ತೆಗಿ ಅದನ್ನ!"

ಅಷ್ಟರಲ್ಲಿ ಪಂಪು ಓಡಿಸುವ ತ್ರೀ ಫೇಸ್ ಕರೆಂಟನ್ನು ಹಳ್ಳಿಗಳಿಗೆ ನಿಲ್ಲಿಸಿದರು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಿಂತವು. ಊರಿನ ವೋಲ್ಟೇಜು ಜಿಗಿಯಿತು. ಬಲ್ಬು ಬೆಳ್ಳಗಾಯಿತು, ಫ್ಯಾನು ಭರ್ರೆಂದಿತು. ಗಾಜಿನೊಳಗೆ ಎರಡು ಕೆಂಪು ಗೆರೆ ಎದ್ದು ಕಂಡವು. ಲೋಟ ಕೈಬಿಟ್ಟು ಪ್ಲಗ್ಗು ಕಿತ್ತೆ.

"ಓಯ್ತಾ?" ಎಂದ.

ಆರಲು ಬಿಟ್ಟೆ. ಕಾಫಿ ನೆಲದ ಮೇಲೆ ಹರಿಯುತ್ತಿತ್ತು, ಇಬ್ಬರೂ ಒರೆಸಲಿಲ್ಲ. ಆಮೇಲೆ ಮೀಟರ್ ಹಿಡಿದೆ. ಮುಳ್ಳು ಮೊದಲು ಅಲುಗಲಿಲ್ಲ. ಮೀಟರಿನ ತಂತಿಯ ತುದಿಯನ್ನು ಒತ್ತಿ ಹಿಡಿದೆ. ಮುಳ್ಳು ಎದ್ದಿತು.

"ಬದುಕಿದೆ."

ಇನ್ನು ಈ ಊರಿನ ಕರೆಂಟನ್ನು ನಂಬಬಾರದು ಅನ್ನಿಸಿತು. ಟ್ರಾನ್ಸ್‌ಫಾರ್ಮರ್ ಕಿತ್ತು, ಫಿಲಮೆಂಟಿಗೆ ಮಾತ್ರ ಒಂದು ಟಾರ್ಚ್ ಸೆಲ್ಲು ಕಟ್ಟಿದೆ. ಅದಕ್ಕೆ ಅಷ್ಟೇ ಸಾಕಿತ್ತು. ಅಂಕಿ ಮತ್ತೆ ಮಂಕಾಗಿಯೇ ಮೂಡಿತು. ಗೆಳೆಯ ಈ ಸಲ ಕೈ ಹಿಂದೆ ಕಟ್ಟಿಕೊಂಡು ನೋಡಿದ.

ಮರುದಿನ ರಜೆ ಹಾಕಿ ನಾನೂ ಅವನ ಜೊತೆ ಮಳವಳ್ಳಿಯ ಬಸ್ಸು ಹತ್ತಿದೆ. ಮದ್ದೂರು ದಾಟಿದ ಮೇಲೆ ರಸ್ತೆಯ ಪ್ರತಿ ಹಳ್ಳಕ್ಕೂ ಅವನು ಯಂತ್ರವನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದ. ಕಚೇರಿಯಲ್ಲಿ ಸಾಹೇಬರು ಗುಂಡಿ ಒತ್ತಿದರು.

"ಏನ್ರೀ ಇದು, ಮಂಕು? ಸ್ವಲ್ಪ ಜಾಸ್ತಿ ಮಾಡಿ."

ಗೆಳೆಯ ನನ್ನ ಕಡೆ ನೋಡಿದ. ಆಮೇಲೆ ಸಾಹೇಬರ ಕಡೆ ತಿರುಗಿದ.

"ಆಗಲ್ಲ ಸಾರ್. ಇದು ಇಷ್ಟೇ ಇರ್ಬೇಕು. ಬೇಕಾದ್ರೆ ಕಿಟಕಿ ಹಾಕ್ತೀನಿ."

ಸಾಹೇಬರು ಅವನನ್ನೇ ಒಂದು ಗಳಿಗೆ ದಿಟ್ಟಿಸಿದರು.

"ಹಾಕಿ ಮತ್ತೆ" ಎಂದು ನಾಲೆಯ ಲೆಕ್ಕ ಶುರುಮಾಡಿದರು.

ಕೋಣೆ ಕತ್ತಲಾಯಿತು. ನಾನು ಬಗ್ಗಿ ಗಾಜಿನೊಳಗೆ ನೋಡಿದೆ. ಹಸಿರು ಬಿಟ್ಟರೆ ಬೇರೇನೂ ಕಾಣಲಿಲ್ಲ.