ಬರೀ ನೋಡಲು ಹೋಗುತ್ತಿದ್ದ ಪಾಲಣ್ಣ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದ ಪಾಲಣ್ಣನಿಗೆ ನಿವೃತ್ತಿಯಾದ ಮೇಲೆ ಹಳೆಯ ಚಿನ್ನದ ಗಣಿಗಳನ್ನು ನೋಡುವ ಗೀಳು ಹತ್ತಿತು. ಹುಟ್ಟಿದ್ದು ಗೊಲ್ಲರ ಹಟ್ಟಿಯಲ್ಲಿ. ಕುರಿಯ ಹಿಂದೆ ತಿರುಗಿದ ಗುಡ್ಡ, ಮರಡಿಗಳಲ್ಲಿ ಬಾಯಿ ತೆರೆದ ಗುಂಡಿಗಳನ್ನು ಬಾಲ್ಯದಲ್ಲೇ ಕಂಡಿದ್ದ. ಅತ್ತ ಸುಳಿಯಬೇಡ ಎಂದು ಹಿರಿಯರು ಗದರುತ್ತಿದ್ದರೇ ಹೊರತು, ತೋಡಿದವರು ಯಾರೆಂದು ಹೇಳಿದವರಿಲ್ಲ.

ಅದನ್ನು ಹೇಳಿದವನು ರಾಜಕುಮಾರ್. ಹೊಳಲ್ಕೆರೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಪಿಂಚಣಿಗೆ ಬೇಕಾದ ಫೋಟೋ ತೆಗೆಸಲು ಹೋದ ಪಾಲಣ್ಣ ಮಾತಿಗೆ ಕೂತು ಸಂಜೆಯವರೆಗೂ ಏಳಲಿಲ್ಲ. ಯಾವುದೋ ಕಾಲದ ಜನ ಉಳಿ ಸುತ್ತಿಗೆಯಲ್ಲೇ ಬಂಡೆ ಸೀಳಿ ಇಳಿದಿದ್ದರಂತೆ. ಕೋಲಾರದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಮೇಲೆ ಬಿಳಿಯರ ಕಂಪನಿಗಳು ಅವೇ ಗುಂಡಿಗಳನ್ನು ಹುಡುಕಿಕೊಂಡು ಬಂದು, ಇನ್ನಷ್ಟು ಆಳ ಅಗೆದು, ಲಾಭ ಗಿಟ್ಟದೆ ಬಿಟ್ಟುಹೋದವಂತೆ. ಮುಂದಿನ ಭಾನುವಾರ ಇಬ್ಬರೂ ರಾಜಕುಮಾರನ ಬೈಕಿನಲ್ಲಿ ಹೊಸದುರ್ಗದ ಕಡೆ ಹೊರಟರು. ಆಮೇಲೆ ಅದೇ ರೂಢಿಯಾಯಿತು.

ರಾಜಕುಮಾರ್ ಫೋಟೋ ತೆಗೆಯುತ್ತಿದ್ದ. ಪಾಲಣ್ಣ ಗುಂಡಿಯ ಅಂಚಿನಲ್ಲಿ ಕೂತು ಉಳಿಯ ಗುರುತುಗಳ ಮೇಲೆ ಕೈಯಾಡಿಸುತ್ತಿದ್ದ. ಜೀವಮಾನವೆಲ್ಲ ಹಳಿಯಡಿ ಜಲ್ಲಿ ತುಂಬಿದವನಿಗೆ, ಕಲ್ಲು ಒಡೆದು ಬದುಕಿದ ಆ ಜನ ತನ್ನವರೇ ಅನ್ನಿಸುತ್ತಿತ್ತು.

ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಜವನಗೊಂಡನಹಳ್ಳಿಯಿಂದ ಆಚೆಗಿದ್ದ ಒಂದು ಸಣ್ಣ ಮರಡಿ. ಅಲ್ಲಿ ಗುಂಡಿಯ ಪಕ್ಕದ ಹಾಸುಬಂಡೆಯ ತುಂಬ ಬಟ್ಟಲಿನಂಥ ಕುಳಿಗಳಿದ್ದವು. ಚಿನ್ನಕ್ಕಾಗಿ ಬೆಣಚುಕಲ್ಲನ್ನು ಅರೆದು ಅರೆದು ಸವೆದ ಕುಳಿಗಳು. ಮರಡಿಯ ಬುಡದ ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಶಿವಗಂಗಮ್ಮ ಅದನ್ನು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. ನಿಧಿಗಳ್ಳರ ಭಯ. ಪಾಲಣ್ಣ ನಾಲ್ಕಾರು ಸಲ ಹೋಗಿ, ಒಂದು ಚೂರು ಕಲ್ಲನ್ನೂ ಎತ್ತಿಕೊಳ್ಳದೆ ಬಂದ ಮೇಲೆ ಆಕೆಗೆ ನಂಬಿಕೆ ಬಂತು. ರಾಜಕುಮಾರನನ್ನು ಕರೆದುಕೊಂಡು ಹೋದವನೂ ಅವನೇ, ತಮ್ಮನಿದ್ದಂತೆ ಎಂದು ಪರಿಚಯ ಹೇಳಿದವನೂ ಅವನೇ.

ಕಳೆದ ಕಾರ್ತಿಕದಲ್ಲಿ ಅಲ್ಲಿಂದ ಹೊರಡುವಾಗ ಶಿವಗಂಗಮ್ಮ ಇಬ್ಬರಿಗೂ ಹೇಳಿದ್ದಳು, "ಸೋಮವಾರ ಬರಕ್ಕೆ ಹೋಗ್ಬೇಡ್ರಿ. ಮನೆಯವ್ರೆಲ್ಲ ಹಾಲುರಾಮೇಶ್ವರಕ್ಕೆ ಪೂಜೆಗೆ ಹೋಗ್ತೀವಿ."

ಮಂಗಳವಾರ ಪಾಲಣ್ಣನಿಗೆ ಠಾಣೆಯಿಂದ ಫೋನ್ ಬಂತು. ಹೋಗಿ ನೋಡಿದರೆ ಬೆಂಚಿನ ಮೇಲೆ ಶಿವಗಂಗಮ್ಮ ಕೂತಿದ್ದಳು. ಹಿಂದಿನ ದಿನ ಹಾಡಹಗಲೇ ಯಾರೋ ಮರಡಿಗೆ ಜೆಸಿಬಿ ತಂದು ಗುಂಡಿ ಅಗೆದಿದ್ದರು. ಹಾಸುಬಂಡೆಯ ಕೆಳಗೆ ಹೊನ್ನಿದೆಯೆಂದು ಅದನ್ನು ಒಡೆದು ಪುಡಿ ಮಾಡಿದ್ದರು. ಹೊನ್ನು ಸಿಕ್ಕಿರಲಿಲ್ಲ. ಕುರಿಗಾಹಿಗಳು ಕೂಗಿಕೊಂಡಾಗ ಸಿಕ್ಕಿಬಿದ್ದ ಜೆಸಿಬಿ ಚಾಲಕನ ಮೊಬೈಲಿನಿಂದ ಪೊಲೀಸರು ರಾಜಕುಮಾರನನ್ನು ಹಿಡಿದಿದ್ದರು. ಅವನು, ಜಾಗ ತೋರಿಸಿದ್ದು, ಸೋಮವಾರ ಯಾರೂ ಇರುವುದಿಲ್ಲವೆಂದು ತಿಳಿಸಿದ್ದು ಎಲ್ಲ ಪಾಲಣ್ಣನೇ ಎಂದು ಹೇಳಿಕೆ ಕೊಟ್ಟಿದ್ದ.

ಪಾಲಣ್ಣ ಶಿವಗಂಗಮ್ಮನ ಕಡೆ ತಿರುಗಿದ. ಆಕೆ ಮೆಲ್ಲಗೆ ಅಂದಳು, "ಹಾಲುರಾಮೇಶ್ವರಕ್ಕೆ ಹೋಗೋದ್ನ ನಿಮ್ಮಿಬ್ರನ್ನ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ, ಪಾಲಣ್ಣಾರೆ."

ಸೋಮವಾರ ಪಾಲಣ್ಣ ತನ್ನ ಹಟ್ಟಿಯ ಮದುವೆಯಲ್ಲಿದ್ದ. ನೋಡಿದವರು ನೂರಾರು ಜನ. ಇವನನ್ನು ಕಂಡೇ ಇಲ್ಲವೆಂದು ಚಾಲಕನೂ ಹೇಳಿದ. ಪೊಲೀಸರು ಬಿಟ್ಟು ಕಳಿಸಿದರು. ವಾರ ಕಳೆದ ಮೇಲೆ ಅವನು ಶಿವಗಂಗಮ್ಮನ ಹೊಲಕ್ಕೆ ಹೋದ. ನಿಮ್ಮದೇನೂ ತಪ್ಪಿಲ್ಲವೆಂದು ಪೊಲೀಸರು ಹೇಳಿದ್ದಾರೆ ಎಂದ ಆಕೆ, ಹಗ್ಗ ಹೊಸೆಯುತ್ತ ತಲೆ ಎತ್ತದೆ ಇನ್ನೊಂದು ಮಾತು ಸೇರಿಸಿದಳು: "ಆದ್ರೆ ಇನ್ಮೇಲೆ ಈ ಕಡೆ ಬರ್ಬೇಡ್ರಿ." ಒಡೆದ ಬಂಡೆಯನ್ನು ನೋಡುವ ಧೈರ್ಯ ಪಾಲಣ್ಣನಿಗೆ ಬರಲಿಲ್ಲ. ಅಲ್ಲಿಂದಲೇ ತಿರುಗಿದ.

ರಾಜಕುಮಾರ್ ಜಾಮೀನಿನ ಮೇಲೆ ಬಂದನೆಂದು ಕೇಳಿ ಸ್ಟುಡಿಯೋಕ್ಕೆ ಹೋದ. ಬೈಯಬೇಕೆಂದೇ ಹೋಗಿದ್ದವನು ಎದುರಿಗೆ ಕಂಡಾಗ ಕೇಳಿದ್ದು ಇಷ್ಟೇ, "ನನ್ನ ಹೆಸ್ರು ಯಾಕೆ ಹೇಳ್ದೆ ರಾಜ?"

ರಾಜಕುಮಾರನ ಮುಖದಲ್ಲಿ ನಾಚಿಕೆ ಇರಲಿಲ್ಲ, ಬೇಸರವಿತ್ತು. "ನಾಟಕ ಬಿಡು ಪಾಲಣ್ಣ. ನೀನೂ ಚಿನ್ನಾನೇ ಹುಡುಕ್ತಿದ್ಯಲ್ಲ. ನನಗಿಂತ ಮೊದ್ಲೇ ನೀನು ಎತ್ಕಂಡು ಹೋಗ್ತೀಯ ಅಂತ ನನಗೆ ದಿಗಿಲಿತ್ತು."

"ನಾನು ಬರೀ ನೋಡಕ್ಕೆ ಬರ್ತಿದ್ದೆ."

"ಚಿನ್ನದ ಗುಂಡೀನ ಬರೀ ನೋಡಕ್ಕೆ ಯಾರಾದ್ರೂ ಹೋಗ್ತಾರೇನೋ?"

ಪಾಲಣ್ಣ ಸ್ಟುಡಿಯೋದಿಂದ ಹೊರಗೆ ಬಂದ. ಪೊಲೀಸರ ಮುಂದೆ ತನ್ನ ಹೆಸರು ಹೇಳಿದ್ದನ್ನು ಅಂಜಿಕೆಗೆ ಹೇಳಿದನೆಂದು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅಷ್ಟು ಭಾನುವಾರ ಒಂದೇ ಬೈಕಿನಲ್ಲಿ ಕೂತು, ಒಂದೇ ಬುತ್ತಿ ಹಂಚಿಕೊಂಡು ತಿಂದವನು ತನ್ನನ್ನು ಮೊದಲ ದಿನದಿಂದಲೂ ಕಳ್ಳನೆಂದೇ ತಿಳಿದಿದ್ದ.

ಹೆಂಡತಿ ಜಯಕ್ಕ ಹೋಗಲಿ ಬಿಡು ಎಂದು ಸಮಾಧಾನ ಮಾಡಿದಳು. ಹೊಸದುರ್ಗದ ಕಡೆ ನೋಡದಿದ್ದ ಗುಂಡಿಗಳು ಇನ್ನೂ ಇದ್ದವು. ಒಬ್ಬನೇ ಬಸ್ಸಿನಲ್ಲಾದರೂ ಹೋಗು ಅಂದಳು. ಅವನು ಹೋಗಲಿಲ್ಲ.

ಮೊನ್ನೆ ಚಿತ್ರದುರ್ಗದಿಂದ ಒಬ್ಬ ಕಾಲೇಜು ಮೇಷ್ಟರು ಫೋನ್ ಮಾಡಿದ್ದರು. ಹಳೆಯ ಗಣಿಗಳ ಚರಿತ್ರೆ ಬರೆಯುತ್ತಿದ್ದಾರಂತೆ. ಯಾರೋ ಇವನ ಹೆಸರು ಹೇಳಿದರಂತೆ. ಒಂದು ದಿನ ಜೊತೆಗೆ ಬಂದು ತೋರಿಸಬಹುದೇ ಎಂದು ಬಹಳ ವಿನಯದಿಂದ ಕೇಳಿದರು. ಧ್ವನಿ ಒಳ್ಳೆಯವರದೇ ಅನ್ನಿಸಿತು. ರಾಜಕುಮಾರನದೂ ಹಾಗೇ ಅನ್ನಿಸಿತ್ತು.

"ನನಗೆ ಅದೆಲ್ಲ ಗೊತ್ತಿಲ್ಲ ಸಾರ್. ಯಾರೋ ತಪ್ಪು ಹೇಳಿದಾರೆ," ಎಂದು ಪಾಲಣ್ಣ ಫೋನ್ ಇಟ್ಟ.